ವಾಲ್ಯೂಮ್ ಕಟ್ಟುವ ಚೌಗುಲೆ ಕಾಕಾ

ಯಾರಾದರೂ ಆಂಪ್ಲಿಫೈಯರ್ ತಂದು ಮೇಜಿನ ಮೇಲಿಟ್ಟರೆ ಚೌಗುಲೆ ಕಾಕಾ ಮೊದಲು ಅದರ ಮೇಲೊಂದು ಟವೆಲ್ ಹೊದಿಸುತ್ತಿದ್ದರು. ಆಮೇಲೆ ಸ್ಟೂಲನ್ನು ಮುಂದಕ್ಕೆಳೆದು ಕುಳಿತು, ತಂದವರ ಮುಖ ನೋಡಿ ಕೇಳುತ್ತಿದ್ದರು: "ಇದನ್ನ ಯಾರ ಕೇಳತಾರ್ರಿ? ಎಲ್ಲಿ ಕುಂತ ಕೇಳತಾರ?" ಯಂತ್ರದ ಹೆಸರು, ಅದು ಎಷ್ಟು ವ್ಯಾಟಿನದು, ಎಲ್ಲಿಂದ ತರಿಸಿದ್ದು ಎಂದೆಲ್ಲ ಹೇಳಲು ತಯಾರಾಗಿ ಬಂದವರು ಈ ಪ್ರಶ್ನೆಗೆ ತಡವರಿಸುತ್ತಿದ್ದರು. ಉತ್ತರ ಸಿಗುವ ತನಕ ಟವೆಲ್ ತೆಗೆಯುತ್ತಿರಲಿಲ್ಲ.

ನಾನೂ ತಡವರಿಸಿದವಳೇ.

"ನಮ್ಮ ಅವ್ವ" ಎಂದೆ.

"ಎಲ್ಲಿ ಕುಂತ?"

"ಕುಂದರಾಕ ಬರಂಗಿಲ್ರಿ. ಮಲಕೊಂಡ ಕೇಳತಾಳ."

ಟವೆಲ್ಲಿನತ್ತ ಚಾಚಿದ್ದ ಅವರ ಕೈ ಅಲ್ಲೇ ನಿಂತಿತು. "ಹಂಗಾದ್ರ ಇದನ್ನ ಇಲ್ಲೇ ಬಿಡ್ರಿ. ಮದಲ ಅವ್ವಾರನ್ನ ನೋಡೂಣು" ಎಂದರು.

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ವರ್ಷ ಅವ್ವನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತು ತೊದಲಾಗಿತ್ತು. ಇವೆಲ್ಲಕ್ಕಿಂತ ಅವಳನ್ನು ಹೆಚ್ಚು ಕಾಡಿದ್ದು ಸದ್ದು. ತಾಟು ಕೆಳಗಿಟ್ಟರೆ, ಕುಕ್ಕರು ಸೀಟಿ ಹೊಡೆದರೆ, ಓಣಿಯಲ್ಲಿ ಬೈಕು ಹೋದರೆ ಯಾರೋ ಹೊಡೆದಂತೆ ಬೆಚ್ಚಿಬೀಳುತ್ತಿದ್ದಳು. ಬಲಗೈಯಿಂದ ಬಲಗಿವಿ ಮುಚ್ಚಿಕೊಳ್ಳುತ್ತಿದ್ದಳು. ನಡೆಯುತ್ತಿದ್ದುದು ಒಂದೇ ಕೈಯಾದ್ದರಿಂದ ಇನ್ನೊಂದು ಕಿವಿ ತೆರೆದೇ ಇರುತ್ತಿತ್ತು. ಅದನ್ನು ನಾನು ಓಡಿಹೋಗಿ ಮುಚ್ಚುತ್ತಿದ್ದೆ.

ಇಷ್ಟಾದರೂ ದಿನಾ ಬೆಳಿಗ್ಗೆ ಅವಳ ಬಲಗೈ ಬೆರಳು ಗೋಡೆಯ ಕಡೆಗೆ ಏಳುತ್ತಿತ್ತು. ಅಲ್ಲಿ ಅಪ್ಪ ಬದುಕಿದ್ದಾಗ ಕೊಂಡ ಆಂಪ್ಲಿಫೈಯರು, ಎರಡು ಸ್ಪೀಕರು ಇದ್ದವು. ರೊಟ್ಟಿ ಬಡಿಯುತ್ತ ವಚನ, ದಾಸರ ಪದ ಕೇಳುವುದು ಅವಳ ನಲವತ್ತು ವರ್ಷದ ರೂಢಿ. ಹಚ್ಚಿದರೆ ಕಿವಿ ನೋಯುತ್ತಿತ್ತು, ಹಚ್ಚದಿದ್ದರೆ ಅಳುತ್ತಿದ್ದಳು. ಸಣ್ಣದಾಗಿ ಇಡೋಣವೆಂದರೆ ಎಡಗಡೆಯ ಸ್ಪೀಕರ್ ಒಂದೇ ಪಿಸುಗುಡುತ್ತಿತ್ತು. ಕೂದಲೆಳೆಯಷ್ಟು ತಿರುವಿದರೆ ಬಲಗಡೆಯದು ಕರಕರ ಎಂದು ಒಮ್ಮೆಲೇ ಎದ್ದು ಬರುತ್ತಿತ್ತು. ಅಂಗಡಿಯಲ್ಲಿ ಹೊಸ ವಾಲ್ಯೂಮ್ ಹಾಕಿಸಿದೆ. ಕರಕರ ಹೋಯಿತು, ಒಂದೇ ಕಡೆ ಹಾಡುವುದು ಹೋಗಲಿಲ್ಲ. ಎರಡನೆಯ ಸಲ ಹೋದಾಗ ಅಂಗಡಿಯಾತನೇ ಸಂಕೋಚದಿಂದ, "ನೀವು ಕೇಳೂ ಅಷ್ಟ ಸಣ್ಣ ಆವಾಜ ನಮ್ಮ ಕೈಲೆ ಆಗೂದಲ್ಲರಿ ಅಕ್ಕಾರ. ಶಹಾಪುರದಾಗ ಚೌಗುಲೆ ಅಂತ ಒಬ್ಬರದಾರ, ಅವರಿಗೆ ಅದ ಹುಚ್ಚು" ಎಂದು ದಾರಿ ಹೇಳಿದ್ದ.

ಧರಣೇಂದ್ರ ಚೌಗುಲೆ ಉದ್ಯಮಬಾಗದ ಒಂದು ಇಂಜಿನಿಯರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಮೂವತ್ತು ವರ್ಷ ಅವರ ಕೆಲಸವೆಂದರೆ ಬೇರೆಯವರು ಕೊರೆದ ಉಕ್ಕಿನ ತೂತುಗಳನ್ನು ಅಳೆದು ಪಾಸು, ನಾಪಾಸು ಬರೆಯುವುದು. ಎತ್ತರದ ಒಣ ಮೈ, ಅರ್ಧ ತೋಳಿನ ಬಿಳಿ ಅಂಗಿ, ಪೆನ್ನಿರಬೇಕಾದ ಕಿಸೆಯಲ್ಲಿ ಒಂದು ಚಿಮಟ. ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಿದ್ದರು, ಆಮೇಲೆ ಕೆಲಸಕ್ಕೆ ಕೂರುತ್ತಿರಲಿಲ್ಲ. ಮನೆ ಬೆಳಗಾವಿಯದೇ ಭಾಗವಾದ ಶಹಾಪುರದ ಒಂದು ಕಿರಿದಾದ ಗಲ್ಲಿಯಲ್ಲಿ. ಎದುರಿನ ಮನೆಯಲ್ಲಿ ಇನ್ನೂ ಮಗ್ಗ ನಡೆಯುತ್ತಿತ್ತು. ಮೇಲಿನ ಖೋಲಿಯಲ್ಲಿ ಮೇಜು ಹಾಕಿಕೊಂಡು ಆಂಪ್ಲಿಫೈಯರುಗಳ ವಾಲ್ಯೂಮ್, ಎಂದರೆ ಸದ್ದು ಏರಿಸಿ ಇಳಿಸುವ ಭಾಗ, ಅದೊಂದನ್ನೇ ಅವರು ಕಟ್ಟುತ್ತಿದ್ದರು. ಉಳಿದ ರಿಪೇರಿ ಮುಟ್ಟುತ್ತಿರಲಿಲ್ಲ. ಮಗ್ಗದವರು ಊಟಕ್ಕೆ ನಿಲ್ಲಿಸಿದ ಆ ಒಂದು ತಾಸಿನಲ್ಲಿ ಮಾತ್ರ ಹಾಡು ಹಚ್ಚಿ ಪರೀಕ್ಷಿಸುತ್ತಿದ್ದರು. ಆಗ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಕೆಳಗೆ ಪಾತ್ರೆ ತೊಳೆಯುವುದನ್ನೂ ನಿಲ್ಲಿಸಿ ಬಾಗಿಲ ಹೊರಗೆ ಕೂರುತ್ತಿದ್ದರು.

ಮರುದಿನ ರವಿವಾರ ಕಾಕಾ ನಮ್ಮ ಮನೆಗೆ ಬಂದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದು ಸದ್ದಾಗದಂತೆ ಕೆಳಗಿಟ್ಟರು. ನನಗೆ ಅಂದೇ ಅವರ ಮೇಲೆ ವಿಶ್ವಾಸ ಬಂತು. ಒಂದು ಸಣ್ಣ ಪೆಟ್ಟಿಗೆಯನ್ನು ಮೊಬೈಲಿಗೆ ಜೋಡಿಸಿ, ಅವ್ವನ ಮಂಚದ ಬಾಜೂಕ್ಕೆ ನೆಲದ ಮೇಲೆ ಕುಳಿತು ಹೇಳಿದರು:

"ಅವ್ವಾರ, ನಾ ಆವಾಜ ಏರಸ್ಕೋತ ಹೋಗ್ತೀನಿ. ಕೇಳಾಕ ಹತ್ತಿದ ಕೂಡ್ಲೆ ಒಂದ ಬೆರಳ ಎತ್ರಿ. ತ್ರಾಸ ಆಗೂದಕ್ಕಿಂತ ಮದಲ ಎರಡ ಬೆರಳ ಎತ್ರಿ. ತ್ರಾಸ ಆಗೂ ಮಟ ತಡಕೋಬ್ಯಾಡ್ರಿ."

ಅವ್ವ ಒಂದು ಬೆರಳೆತ್ತಿದಳು. ನನಗಿನ್ನೂ ಏನೂ ಕೇಳಿಸಿರಲಿಲ್ಲ. ಕಾಕಾ ವಹಿಯಲ್ಲಿ ಬರೆದುಕೊಂಡರು. ಸ್ವಲ್ಪ ಹೊತ್ತಿಗೇ ಎರಡು ಬೆರಳು ಎದ್ದವು. ಅದು ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಓದಿಕೊಂಡಷ್ಟು ಸದ್ದು. ಐದು ಸಲ ಹಾಗೆಯೇ ಮಾಡಿಸಿದರು. ಆಮೇಲೆ ಅವಳ ಬಲಗೈಯನ್ನು ಎತ್ತಿ, ಬೆರಳುಗಳಲ್ಲಿ ಎಷ್ಟು ಬಲವಿದೆಯೆಂದು ತಮ್ಮ ಹೆಬ್ಬೆರಳು ಹಿಡಿಸಿ ನೋಡಿದರು. ಡಾಕ್ಟರರು ಬಿಟ್ಟರೆ ಅವ್ವನ ಕೈಯನ್ನು ಅಷ್ಟು ಗಮನವಿಟ್ಟು ಹಿಡಿದವರು ಇವರೊಬ್ಬರೇ.

ಮುಂದಿನ ವಾರ ಶಹಾಪುರಕ್ಕೆ ಹೋದಾಗ ಮೇಜಿನ ಮೇಲೆ ಮೂರು ಸಾಮಾನು ಸಾಲಾಗಿ ಇಟ್ಟಿದ್ದರು.

"ನೋಡ್ರಿ ಅಕ್ಕಾರ. ಇದು ಅಂಗಡ್ಯಾಗ ಹಾಕಿದ್ದು. ಒಳಗ ಮಸಿ ಬಳದ ಎರಡ ಪಟ್ಟಿ, ಎಡಕೊಂದು ಬಲಕೊಂದು. ಮ್ಯಾಲ ಸರಿ ಇರತಾವ. ತಳಕ್ಕ ಬಂದ್ವು ಅಂದ್ರ ಇದರ ದಾರಿ ಇದಕ್ಕ, ಅದರ ದಾರಿ ಅದಕ್ಕ. ಜೋರ ಕೇಳಾವ್ರಿಗೆ ಇದು ಗೊತ್ತ ಆಗಂಗಿಲ್ಲ. ನಿಮ್ಮ ಅವ್ವಾರು ಇರೂದ ತಳದಾಗ." ಮೀಟರಿನ ಮುಳ್ಳನ್ನು ಹಚ್ಚಿ ತೋರಿಸಿದರು, ಒಂದೇ ತಿರುವಿಗೆ ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಅಂಕಿ ಬಂದವು. "ಇದು ರಿಮೋಟಿಂದು. ಚಲೋ ಐತಿ, ಎರಡೂ ಕಡೆ ಸಮ. ಆದ್ರ ಅದರ ಗುಂಡಿ ಸಣ್ಣವು, ಅವ್ವಾರ ಬೆರಳಿಗೆ ಸಿಗೂದಿಲ್ಲ. ಮತ್ತ ರಿಮೋಟ ನಿಮ್ಮ ಕೈಯಾಗ ಇರತೈತಿ. ಮೂರನೇದು ಇದು. ಗಿರಕಿ ಸ್ವಿಚ್ಚು. ಇದಕ್ಕ ಪಟ್ಟಿ ಇಲ್ಲ, ಮೆಟ್ಟಲ ಅದಾವ. ಒಂದೊಂದ ಮೆಟ್ಟಲಕ ಅಳದ ಅಳದ ರೆಸಿಸ್ಟರ, ಆವಾಜ ತಡಿಯೂ ಕಡ್ಡಿ, ಕೂಡಸ್ಬೇಕು. ಟೈಮ ಹಿಡಿತೈತಿ."

"ನನ್ನ ಕೈಯಾಗ ಇದ್ರ ಏನಾತ್ರಿ? ಹಚ್ಚಾಕಿ ನಾನ ಅಲ್ಲೇನ್ರಿ?" ಎಂದೆ.

ಕಾಕಾ ಗಿರಕಿ ಸ್ವಿಚ್ಚನ್ನು ನನ್ನ ಕೈಗಿಟ್ಟರು. "ಅವ್ವಾರು ಊಟಾನೂ ಮತ್ತೊಬ್ಬರ ಕೈಲೆ, ನೀರೂ ಮತ್ತೊಬ್ಬರ ಕೈಲೆ, ಮಗ್ಗಲಾ ಹೊರಳೂದೂ ಮತ್ತೊಬ್ಬರ ಕೈಲೆ. ಆವಾಜ ಎಷ್ಟಿರಬೇಕು ಅನ್ನೂದಾದ್ರೂ ಅವರ ಕೈಯಾಗ ಇರಲಿ."

ನಾನು ಮೂರನೆಯದನ್ನು ಆರಿಸಿದೆ.

ಇಪ್ಪತ್ತನಾಲ್ಕು ಮೆಟ್ಟಿಲು. ಸಾಮಾನ್ಯವಾಗಿ ಅವನ್ನು ತಳದಿಂದ ತುದಿಯವರೆಗೆ ಹಂಚುತ್ತಾರಂತೆ. ಕಾಕಾ ಎಲ್ಲವನ್ನೂ ಅವ್ವನ ಒಂದು ಬೆರಳು ಮತ್ತು ಎರಡು ಬೆರಳುಗಳ ನಡುವಿನ ಜಾಗದಲ್ಲಿ ಕೂಡಿಸಿದರು. ಲೆಕ್ಕ ಸಮನಾಗಿ ಏರುವುದಿಲ್ಲವಲ್ಲ, ಯಾಕೆ ಎಂದು ಕೇಳಿದ್ದಕ್ಕೆ, "ಒಂದ ದೀಪ ಇರೂ ಖೋಲ್ಯಾಗ ಇನ್ನೊಂದ ದೀಪ ತಂದ್ರ ಕಣ್ಣಿಗೆ ಗೊತ್ತಾಗತೈತಿ. ನೂರ ದೀಪ ಇರೂ ಕಡೆ ಒಂದ ತಂದ್ರ ಯಾರಿಗೆ ಗೊತ್ತಾಗತೈತಿ? ಕಿವೀನೂ ಹಂಗ. ಅದಕ್ಕ ಮದಲಿನ ಮೆಟ್ಟಲ ಸಣ್ಣವು, ಮ್ಯಾಲಿನವು ದೊಡ್ಡವು" ಎಂದರು. ಎಡಗಡೆಯ ಒಂದು ರೆಸಿಸ್ಟರಿಗೆ ಬಲಗಡೆಯ ಜೋಡಿ ಸಿಗಬೇಕೆಂದು ಒಂದು ಹಿಡಿ ಸುರಿದುಕೊಂಡು ಅಕ್ಕಿ ಆರಿಸಿದಂತೆ ಆರಿಸಿ ಅಳೆಯುತ್ತಿದ್ದರು. ಉದ್ಯಮಬಾಗದ ಹಳೆಯ ಸಹೋದ್ಯೋಗಿಯೊಬ್ಬರ ಲೇತ್ ಮೇಲೆ ಶೀಸಂ ಕಟ್ಟಿಗೆಯ ಅಂಗೈಯಗಲದ, ಹಿಡಿದು ತಿರುವುವ ಗುಬುಟು ಮಾಡಿಸಿ ತಂದರು. ಅದರ ಅಂಚಿಗೆ ಒಂದು ಗೀರು ಹಾಕಿಸಿದ್ದರು, ಕತ್ತು ಹೊರಳಿಸದೆಯೇ ಬೆರಳಿಗೆ ಗೊತ್ತಾಗಲೆಂದು.

ಆದರೆ ಕೊಡುವ ಲಕ್ಷಣ ಕಾಣಲಿಲ್ಲ. ಆರು ವಾರ ಕಳೆಯಿತು. ಪ್ರತಿ ಸಲ ಹೋದಾಗಲೂ ಅವರು ಅದೇ ಪೆಟ್ಟಿಗೆಯ ಮುಂದೆ ಕುಳಿತು, ಬೆಸುಗೆ ಹಾಕಿದ ಒಂದೊಂದೇ ತಂತಿಯನ್ನು ಚಿಮಟದಿಂದ ಹಿಡಿದು ಎಳೆದು ನೋಡುತ್ತಿದ್ದರು. ಎಳೆಯುವಾಗ ಕಣ್ಣು ಮುಚ್ಚುತ್ತಿದ್ದರು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಕಾಕಾ, ಅವ್ವ ಎಷ್ಟ ದಿನ ಇರತಾಳೋ ನನಗ ಗೊತ್ತಿಲ್ಲ. ನೀವು ಬರೇ ಎಳಕೋತ ಕುಂತೀರಿ."

ಅವರು ಚಿಮಟವನ್ನು ಕೆಳಗಿಟ್ಟರು. ಬೇಸರ ಮಾಡಿಕೊಳ್ಳಲಿಲ್ಲ. "ಶನಿವಾರ ನಿಮ್ಮದು ಮುಂಜಾನಿ ಸಾಲಿ ಅಲ್ಲರಿ? ಮುಗದ ಮ್ಯಾಲ ಖಾನಾಪುರ ಬಸ್ ಸ್ಟ್ಯಾಂಡಿನ್ಯಾಗ ನಿಂದರ್ರಿ. ನಾ ಬರ್ತೀನಿ" ಎಂದಷ್ಟೇ ಹೇಳಿದರು.

ಆ ಶನಿವಾರ ಅವರು ನನ್ನನ್ನು ಕರೆದುಕೊಂಡು ಹೋದದ್ದು ದತ್ತೋಬಾ ಎಂಬವರ ಮನೆಗೆ. ಖಾನಾಪುರದ ಹಳೆಯ ಪೇಟೆಯ ಹಿಂದೆ, ಹಂಚಿನ ಮನೆ, ಪಡಸಾಲೆಯ ತುಂಬ ಬಿಚ್ಚಿದ ಹಾರ್ಮೋನಿಯಮ್ಮುಗಳು. ದತ್ತೋಬಾ ಆ ಸುತ್ತಿನ ಭಜನಾ ಮಂಡಳಿಗಳ ಹಾರ್ಮೋನಿಯಮ್ ಪೆಟ್ಟಿಗೆಗಳನ್ನೆಲ್ಲ ಶ್ರುತಿ ಮಾಡಿ ಸುರಕ್ಕೆ ಕೂಡಿಸುವವರು. ಅರವತ್ತರ ಮೇಲಿನ ವಯಸ್ಸು, ತಲೆಗೆ ಬಿಳಿ ಟೋಪಿ, ಮಾತು ಅರ್ಧ ಮರಾಠಿ ಅರ್ಧ ಕನ್ನಡ. "ಬಸಾ ಬಾಯಿ, ಕುಂದರ್ರಿ" ಎಂದು ಚಾಪೆ ತೋರಿಸಿದರು; ಹೆಂಗಸರಿಗೆ ಮರಾಠಿಯಲ್ಲಿ ಬಾಯಿ ಅನ್ನುವುದು ರೂಢಿ. ಚೌಗುಲೆ ಕಾಕಾನಿಗೆ ಏನೂ ಹೇಳಲಿಲ್ಲ. ಕಾಕಾ ತಾವಾಗಿಯೇ ಹೋಗಿ ಅವರ ಎಡಗಡೆಗೆ ಕುಳಿತರು.

ಹಾರ್ಮೋನಿಯಮ್ಮಿನ ಒಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ. ಒಂದೇ ಸ್ವರದ ಎರಡು ನಾಲಿಗೆ ಕೂಡಿಸಿ ಊದಿದಾಗ ಅವು ಸರಿಹೊಂದದಿದ್ದರೆ ದನಿ ವಂಯ್ ವಂಯ್ ಎಂದು ಅಲೆಯುತ್ತದೆ. ಒಂದನ್ನು ಸೂಕ್ಷ್ಮವಾಗಿ ಕೆರೆಯುತ್ತ ಹೋದರೆ ಅಲೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ದತ್ತೋಬಾ ಗಾಳಿ ಒತ್ತಿದರು. ಕಾಕಾ ಕಿವಿಗೊಟ್ಟು, "ಮೂರು" ಎಂದರು. ದತ್ತೋಬಾ ಕೆರೆದರು. "ಎರಡು." ಮತ್ತೆ ಕೆರೆದರು. "ಒಂದು. ಇನ್ನ ಒಂದ ಕೈ." ಮತ್ತೆ. "ನಿಂತಿತು." ದತ್ತೋಬಾ ಮುಂದಿನ ಸ್ವರಕ್ಕೆ ಹೋದರು. ಎರಡು ತಾಸು ಇಬ್ಬರ ನಡುವೆ ನಡೆದ ಮಾತು ಇಷ್ಟೇ. ದತ್ತೋಬಾ ಒಮ್ಮೆಯೂ ತಾವಾಗಿ ತೀರ್ಮಾನಿಸಲಿಲ್ಲ. ಅಷ್ಟು ಹೆಸರಿನ ಕುಶಲಕರ್ಮಿ ಬೇರೆಯವರ ಕಿವಿಗಾಗಿ ಕಾಯುವುದು ನನಗೆ ವಿಚಿತ್ರವಾಗಿ ಕಂಡಿತು.

ಬಸ್ಸಿನಲ್ಲಿ ಮರಳುವಾಗ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. ಹತ್ತು ವರ್ಷದ ಹಿಂದೆ ದತ್ತೋಬಾ ತಾವು ಕೂಡಿಸಿದ ಪೆಟ್ಟಿಗೆಗಳ ಧ್ವನಿ ಮುದ್ರಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳಬೇಕೆಂದು ಆಸೆಪಟ್ಟಿದ್ದರಂತೆ. ಕಾಕಾ ಅವರ ಆಂಪ್ಲಿಫೈಯರಿಗೆ ವಾಲ್ಯೂಮ್ ಕಟ್ಟಿಕೊಟ್ಟರು. ಎಂಟನೆಯ ದಿನ, ದತ್ತೋಬಾ ಸಣ್ಣದಾಗಿ ಹಚ್ಚಿಕೊಂಡು ಕುಳಿತಿದ್ದಾಗ, ವಾಲ್ಯೂಮಿನ ಒಂದು ತಂತಿಯ ಬೆಸುಗೆ ಬಿಟ್ಟುಕೊಂಡಿತು.

"ವಾಲ್ಯೂಮಿಗೆ ಮೂರ ವಾಯರ ಇರತಾವ ಅಕ್ಕಾರ. ಅದರಾಗ ಎರಡು ಹರದ್ರ ಆವಾಜ ಬಂದ್ ಆಗತೈತಿ. ಒಂದ ಐತಿ, ನೆಲದ ವಾಯರ. ಅದು ಹರದ್ರ ತಡಿಯೂದು ಏನೂ ಉಳಿಯೂದಿಲ್ಲ, ಇದ್ದಬದ್ದ ಆವಾಜ ಪೂರಾ ಹಾದ ಬರತೈತಿ. ದತ್ತೋಬಾಂದು ಅದ ಹರೀತು. ಎರಡೂ ಕಿವ್ಯಾಗ ಹೆಡ್‌ಫೋನ ಇತ್ತು. ಕಿತ್ತ ಒಗಿಯೂದರಾಗ ಆಗಿ ಹೋಗಿತ್ತು."

ಬಲಗಿವಿ ಹೆಚ್ಚುಕಡಿಮೆ ಹೋಯಿತು. ಎಡಗಿವಿಯಲ್ಲಿ ಒಂದು ಗುಂಯ್ಗುಡುವಿಕೆ ಉಳಿದುಕೊಂಡಿತು, ಹಗಲೂ ರಾತ್ರಿ. ಮಾತು ಕೇಳಿಸುತ್ತದೆ; ಎರಡು ನಾಲಿಗೆಗಳ ನಡುವಿನ ಆ ಸಣ್ಣ ಅಲೆ ಕೇಳಿಸುವುದಿಲ್ಲ. ಮೂರು ತಿಂಗಳು ದತ್ತೋಬಾನ ಪಡಸಾಲೆ ಮುಚ್ಚಿತ್ತು. ನಾಲ್ಕನೆಯ ತಿಂಗಳು ಕಾಕಾ ಒಂದು ಶನಿವಾರ ಹೋಗಿ ಕುಳಿತರು. ಸಂಗೀತದ ಗಂಧ ಇಲ್ಲದವರು, ಆದರೆ ಅಲೆಯನ್ನು ಎಣಿಸಬಲ್ಲರು. ಅಂದಿನಿಂದ ಜ್ವರ ಬಂದ ಎರಡು ಶನಿವಾರ ಬಿಟ್ಟರೆ ತಪ್ಪಿಸಿಲ್ಲ.

"ದತ್ತೋಬಾ ಏನಂದ್ರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಇವತ್ತಿನ ಮಟ ಅಂದಿಲ್ಲ."

"ನೀವು?"

ದೇಸೂರು ದಾಟಿದ ಮೇಲೆ ಹೇಳಿದರು. "ನಮ್ಮಾಗ ವರ್ಷಕ್ಕೊಮ್ಮೆ ಕ್ಷಮಾವಾಣಿ ಅಂತ ಬರತೈತಿ. ಬಸದಿಯೊಳಗ ಎಲ್ಲಾರೂ ಎಲ್ಲಾರಿಗೂ ಕೈ ಮುಗದ ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಂತೀವಿ. ಗುರ್ತ ಇಲ್ಲದಾವ್ರಿಗೂ ಅಂತೀವಿ. ಎಲ್ಲಾರಿಗೂ ಅನ್ನೂ ಅದ ಮಾತ ದತ್ತೋಬಾಗ ಹೆಂಗ ಅನ್ನಲಿ? ಸಸ್ತಾ ಆಗತೈತಿ."

ಮುಂದಿನ ವಾರ ನಾನಾಗಿ ಅವಸರ ಮಾಡಲಿಲ್ಲ. ಅವರಾಗಿಯೇ ಪೆಟ್ಟಿಗೆ ತಂದರು. ಮಂಚದ ಬಾಜೂಕ್ಕೆ, ಅವ್ವನ ಬಲಗೈ ಬೀಳುವ ಎತ್ತರಕ್ಕೆ ಒಂದು ಹಲಗೆ ಹೊಡೆದು ಕೂಡಿಸಿದರು. ನೆಲದ ತಂತಿ ಒಂದರ ಬದಲು ಎರಡು, ಬೇರೆ ಬೇರೆ ದಾರಿಯಲ್ಲಿ ಹಾಯಿಸಿದ್ದರು. ಅವೆರಡೂ ಹರಿದರೂ ಸದ್ದು ಅವ್ವನ ಎರಡು ಬೆರಳನ್ನು ದಾಟದಂತೆ ಆಂಪ್ಲಿಫೈಯರಿನ ಒಳಗೇ ಮತ್ತೊಂದು ತಡೆ ಇಟ್ಟಿದ್ದರು. "ಈ ಡಬ್ಬಿ ಕಿತ್ತ ಬಿದ್ರೂ ಅವ್ವಾರಿಗೆ ಏನೂ ಆಗಂಗಿಲ್ಲ" ಎಂದರು. ಅಷ್ಟು ಖಚಿತವಾಗಿ ಅವರು ಮಾತಾಡಿದ್ದನ್ನು ನಾನು ಬೇರೆ ಯಾವಾಗಲೂ ಕೇಳಿಲ್ಲ.

ಅವ್ವ ಗುಬುಟಿನ ಮೇಲೆ ಕೈಯಿಟ್ಟಳು. ಒಂದು ಮೆಟ್ಟಿಲು ತಿರುವಿದಳು, ಮತ್ತೊಂದು, ಮತ್ತೊಂದು. ಎಲ್ಲಿಯೂ ಕರಕರವಿಲ್ಲ. ನಾಲ್ಕನೆಯದಕ್ಕೆ ನನಗೂ ಹಾಡು ಕೇಳಿಸಿತು, ಎರಡೂ ಸ್ಪೀಕರಿನಿಂದ ಒಟ್ಟಿಗೆ, ಹಾಡುವಾಕೆ ಮಂಚದ ಕಾಲ ದೆಸೆಯಲ್ಲೇ ನಿಂತಂತೆ. ಅವ್ವ ಇನ್ನೊಂದು ಮೆಟ್ಟಿಲು ಏರಿಸಿ, ಒಂದು ಇಳಿಸಿ, ಮತ್ತೆ ಏರಿಸಿದಳು. ಹಾಡಿಗಿಂತ ಹೆಚ್ಚಾಗಿ ಅವಳು ಆ ಏರಿಸುವುದು ಇಳಿಸುವುದರಲ್ಲಿ ತೊಡಗಿದ್ದಳು. ಐದು ತಿಂಗಳಿನಿಂದ ಅವಳು ಹೇಳಿದಂತೆ ಈ ಮನೆಯಲ್ಲಿ ಏನೂ ಆಗಿರಲಿಲ್ಲ. ತೊದಲು ಮಾತಿನಲ್ಲಿ ಕಾಕಾನಿಗೆ ಏನೋ ಹೇಳಿದಳು. ಅವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. "ಚಾ ಮಾಡು ಅನ್ನಾಕತ್ತಾಳ" ಎಂದೆ. ಹಾಸಿಗೆ ಹಿಡಿದ ಮೇಲೆ ಬಂದವರಿಗೆ ಚಾ ಮಾಡು ಎಂದು ಅವಳು ಹೇಳಿದ್ದು ಅಂದೇ ಮೊದಲು.

ಅವ್ವ ಮತ್ತೆ ಒಂಬತ್ತು ತಿಂಗಳು ಇದ್ದಳು. ಪ್ರತಿ ಬೆಳಿಗ್ಗೆ ತಾನೇ ಹಚ್ಚುತ್ತಿದ್ದಳು. ಕೊನೆಯ ವಾರ ಕೈಗೆ ಬಲ ಉಳಿಯದೆ ಗುಬುಟಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡುತ್ತಿದ್ದಳು. ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ತಿರುವುತ್ತಿದ್ದೆ.

ಅವಳು ಹೋಗಿ ಎರಡು ತಿಂಗಳ ಮೇಲೆ ಕಾಕಾ ಬಂದರು. ಆಗಲೂ ಚಪ್ಪಲಿ ಕೈಯಲ್ಲಿ ಹಿಡಿದೇ ಬಂದರು, ನಂತರ ನೆನಪಾಗಿ ಹಾಗೆಯೇ ನಿಂತರು. "ಇದು ಅವ್ವಾರ ಅಳತಿಗೆ ಕಟ್ಟಿದ್ದು. ನಿಮಗ ಸಾಲೂದಿಲ್ಲ. ನಿಮ್ಮ ಸಲವಾಗಿ ತಿದ್ದಿ ಕೊಡ್ತೀನಿ" ಎಂದರು. ಬೇಡವೆಂದೆ. ಅವರು ಒತ್ತಾಯ ಮಾಡಲಿಲ್ಲ. "ಆತು. ಆದ್ರ ಒಂದ ಸಲ ಬಿಚ್ಚಿ ನೋಡ್ತೀನಿ" ಎಂದು ಸ್ಕ್ರೂ ತಿರುವಲು ಕುಳಿತರು. ಆಗ ಗಮನಿಸಿದೆ, ಅವರ ಕೈ ನಡುಗುತ್ತಿತ್ತು. ಸ್ಕ್ರೂ ಡ್ರೈವರಿನ ತುದಿ ಸ್ಕ್ರೂವಿನ ಸೀಳಿಗೆ ಸಿಗದೆ ಅತ್ತಿತ್ತ ಜಾರುತ್ತಿತ್ತು. ನಾನು ಬಿಚ್ಚಿಕೊಟ್ಟೆ. ಅವರು ಚಿಮಟವನ್ನು ಎರಡೂ ಕೈಯಿಂದ ಹಿಡಿದು ಒಂದೊಂದು ತಂತಿ ಎಳೆದು ನೋಡಿದರು.

"ಡಾಕ್ಟರು ಇದು ಇನ್ನ ಹೆಚ್ಚ ಆಗತೈತಿ ಅಂದಾರ" ಎಂದರು. "ಹೊಸಾದು ಕಟ್ಟೂದು ಬಿಟ್ಟೀನಿ. ಕಟ್ಟಿದ್ದು ಎಲ್ಲಾ ಒಂದ ಸಲ ನೋಡಿ ಬರ್ತೀನಿ. ಕೈ ಪೂರಾ ಹೋಗೂದರಾಗ."

ಹೀಗೆ ಶುರುವಾಯಿತು ಅವರ ಕೊನೆಯ ತಿರುಗಾಟ. ವಹಿಯಲ್ಲಿ ಇಷ್ಟು ವರ್ಷಗಳಲ್ಲಿ ಕಟ್ಟಿಕೊಟ್ಟವರ ಹೆಸರು, ಓಣಿ ಎಲ್ಲ ಇದ್ದವು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ, ಸ್ಕ್ರೂ ಬಿಚ್ಚಲು. ಕೆಲವರು ಸಂತೋಷಪಟ್ಟರು. ಟಿಳಕವಾಡಿಯದೇ ಒಬ್ಬ ದೊಡ್ಡ ಮನೆಯವರು ಬಾಗಿಲಲ್ಲೇ ನಿಲ್ಲಿಸಿ, "ಚಲೋ ನಡದೈತಲ್ರಿ ಚೌಗುಲೆಯವರ, ಯಾಕ ಬಿಚ್ಚತೀರಿ? ನಿಮ್ಮ ಕೈ ನೋಡಿದ್ರ ಅಂಜಿಕಿ ಬರತೈತಿ" ಎಂದರು. ಕಾಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಮುಟ್ಟೂದಿಲ್ರಿ. ಅಕ್ಕಾರ ಎಳದ ನೋಡ್ತಾರ. ನಾ ದೂರ ನಿಂತ ಹೇಳ್ತೀನಿ" ಎಂದರು. ಮನೆಯವರು ಒಪ್ಪಿಕೊಂಡರು. ಮೂವತ್ತು ವರ್ಷ ಬೇರೆಯವರ ಕೆಲಸಕ್ಕೆ ನಾಪಾಸು ಬರೆದ ಮನುಷ್ಯ ಆ ಚಂದದ ಪಡಸಾಲೆಯಲ್ಲಿ ಕೈಕಟ್ಟಿ ನಿಂತದ್ದು ನೋಡಲಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಮನೆಗಳೂ ಮುಗಿದವು. ಒಂದು ಬೆಸುಗೆಯೂ ಸಡಿಲಾಗಿರಲಿಲ್ಲ. ಬಸ್ ಸ್ಟಾಪಿನಲ್ಲಿ ಕುಳಿತು ನಾನು ಹಗುರಾಗಿ, "ನೋಡ್ರಿ ಕಾಕಾ, ಎಲ್ಲಾ ಗಟ್ಟಿ ಅದಾವ" ಎಂದೆ.

"ಹೂಂ" ಎಂದರು. ವಹಿಯನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. "ಅದೊಂದ ಸಡಲ ಇತ್ತು."

ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ನಡುಕದ ಕಾಯಿಲೆ ನುಂಗುವ ಶಕ್ತಿಯನ್ನೂ ತಟ್ಟಿ, ನ್ಯುಮೋನಿಯಾ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಖಾನಾಪುರಕ್ಕೆ ಹೋಗುವುದು ನಿಂತು ಏಳು ಶನಿವಾರಗಳಾಗಿದ್ದವು. ಎಂಟನೆಯ ಶನಿವಾರ ನಾನು ಶಾಲೆ ಮುಗಿಸಿ ಬಸ್ಸಿಗೆ ನಿಂತಾಗ ದತ್ತೋಬಾ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಅದೇ ಟೋಪಿ. "ಬಾಯಿ, ಚೌಗುಲೆ ಮನಿ ನನಗ ಗೊತ್ತಿಲ್ಲ. ಕರಕೊಂಡ ಹೋಗ್ತೀರೇನು?" ಎಂದರು. ಇಷ್ಟು ವರ್ಷ ಒಮ್ಮೆಯೂ ಅವರು ಆ ಮನೆಗೆ ಹೋಗಿರಲಿಲ್ಲ.

ಕಾಕು ಬಾಗಿಲು ತೆರೆದು ದತ್ತೋಬಾನನ್ನು ನೋಡಿ ಪಕ್ಕಕ್ಕೆ ಸರಿದರು. ಮೇಲಿನ ಖೋಲಿಯಲ್ಲಿ ಕಾಕಾ ಗೋಡೆಗೆ ದಿಂಬು ಕೊಟ್ಟು ಕುಳಿತಿದ್ದರು. ದತ್ತೋಬಾ ಹೋಗಿ ಅವರ ಬಲಗಡೆಗೆ, ತಮ್ಮ ಎಡಗಿವಿ ಅವರತ್ತ ಬರುವಂತೆ ಕುಳಿತರು. ಎದುರಿನ ಮನೆಯ ಮಗ್ಗ ನಡೆದೇ ಇತ್ತು.

"ದತ್ತೋಬಾ" ಎಂದರು ಕಾಕಾ. ದನಿ ಬಹಳ ಇಳಿದಿತ್ತು. ದತ್ತೋಬಾ ಬಾಗಿದರು. "ಆ ವಾಯರ ತಾನ ಬಿಟ್ಟಕೊಂಡಿತು ಅಂತ ಎಲ್ಲಾರಿಗೂ ಹೇಳೀನಿ. ನಿನಗೂ ಹಂಗ ಹೇಳೀನಿ. ಖರೇ ಅಂದ್ರ ಅದನ್ನ ನಾ ಎಳದ ನೋಡಲಿಲ್ಲ. ಊಟದ ಹೊತ್ತ ಆಗಿತ್ತು. ಇರಲಿ ಬಿಡು, ಗಟ್ಟಿ ಕುಂತೈತಿ ಅಂತ ಡಬ್ಬಿ ಮುಚ್ಚಿದೆ. ನೋಡಿದ್ರ ಅವತ್ತ ಸಿಗತಿತ್ತು."

ಬಾಗಿಲ ಬಳಿ ನಿಂತಿದ್ದ ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರಿಗೂ ಇದು ಗೊತ್ತಿರಲಿಲ್ಲವೆಂದು ನನಗನಿಸಿತು.

ದತ್ತೋಬಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಗೊತ್ತೈತಿ" ಎಂದರು.

ಕಾಕಾ ಅವರ ಮುಖ ನೋಡಿದರು.

"ದವಾಖಾನಿಯಿಂದ ಬಂದ ಕೂಡ್ಲೆ ಡಬ್ಬಿ ಬಿಚ್ಚಿ ನೋಡೀನಿ. ವಾಯರ ಬರೇ ಬಾಜೂಕ ನಿಂತಿತ್ತು, ಕೂಡೇ ಇರಲಿಲ್ಲ. ನಾನೂ ಕೈಕೆಲಸದಾವ ಅದೀನಿ ಚೌಗುಲೆ. ನೋಡಿದ್ರ ತಿಳಿತೈತಿ."

"ಮತ್ತ ಇಷ್ಟ ವರ್ಷ ಯಾಕ ಅನ್ನಲಿಲ್ಲ?"

"ಮದಲಿಗೆ ಸಿಟ್ಟಿತ್ತು. ಭಾಳ ಸಿಟ್ಟಿತ್ತು. ನೀ ಬಂದ ದಿವಸ ಅನ್ನಬೇಕಂತನ ಕುಂತಿದ್ದೆ. ನೀ ಬಂದು ಬಾಜೂಕ ಕುಂತು ಮೂರು, ಎರಡು ಅಂತ ಎಣಸಾಕ ಹತ್ತಿದಿ. ಅವತ್ತ ಬಿಟ್ಟೆ. ಮುಂದಿನ ವಾರ ಅನ್ನೂಣು ಅಂದೆ. ಆಮ್ಯಾಲ..." ದತ್ತೋಬಾ ಟೋಪಿಯ ಅಂಚನ್ನು ನೀವಿದರು. "ಆಮ್ಯಾಲ ಅಂದ್ರ ನೀ ಬರೂದು ಬಿಡತಿ ಅನಿಸ್ತು."

ಕಾಕಾ ಎರಡೂ ಕೈ ಎತ್ತಿ ಮುಗಿಯಲು ನೋಡಿದರು. ನಡುಕಕ್ಕೆ ಕೈಗಳು ಒಂದಕ್ಕೊಂದು ಕೂಡಲಿಲ್ಲ. ದತ್ತೋಬಾ ಅವೆರಡನ್ನೂ ಹಿಡಿದು ಕೆಳಗಿಳಿಸಿ, ಹಿಡಿದುಕೊಂಡೇ ಕುಳಿತರು. ನಾನೂ ಕಾಕುವೂ ಕೆಳಗಿಳಿದು ಬಂದೆವು. ದತ್ತೋಬಾ ಆ ದಿನ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋದರು.

ಆ ನಂತರ ಕಾಕಾ ಮಾತಾಡಿದ್ದು ಕಡಿಮೆ. ಮುಂದಿನ ಗುರುವಾರ ಸಂಜೆ ನಾನು ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ಉಸಿರು ಸಲೀಸಾಗಿತ್ತು. ಶುಕ್ರವಾರ ಬೆಳಿಗ್ಗೆ, ಕಾಕು ಮುಖ ಒರೆಸಲು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ದತ್ತೋಬಾಗೆ ನಾನೇ ಫೋನ್ ಮಾಡಿದೆ. ಮೊದಲು ಅವರಿಗೆ ಕೇಳಿಸಲಿಲ್ಲ. "ತಡೀರಿ ಬಾಯಿ" ಎಂದರು, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದು ಕೇಳಿಸಿತು. ಅದೇ ಮಾತನ್ನು ಎರಡನೆಯ ಸಲ, ಜೋರಾಗಿ ಹೇಳಬೇಕಾಯಿತು.

"ಇವತ್ತ ಯಾವ ವಾರ?" ಎಂದರು.

"ಶುಕ್ರವಾರ್ರಿ."

"ನಾಳಿಗೆ ಶನಿವಾರ" ಎಂದರು ದತ್ತೋಬಾ. ಫೋನ್ ಇಟ್ಟರು.